ಹುಲಿ ನೋಡಲು ಹೋದ ದಿನ

“ನಿಮ್ಮ ಮನಿಯವ್ರನ್ನ ಈ ಕಡಿಯಿಂದ ಕರಕೊಂಡು ಬರ್ರಿ,” ಎಂದ ಟಿಕೆಟ್ ಹರಿಯುವವನು.

ಶೇಖವ್ವ ಸೆರಗು ಸರಿಮಾಡಿಕೊಂಡಳು.

“ಮನಿಯವ್ರಲ್ಲ, ಮಕ್ಕಳ ಚಿಗವ್ವ,” ಎಂದುಬಿಟ್ಟ ಈಶಪ್ಪ. ತಪ್ಪು ತಿದ್ದುವವನ ಹಾಗೆ, ಅಷ್ಟು ಲಗುಬಗೆಯಲ್ಲಿ.

ಅವಳು ಸೊಂಟದ ಮೇಲಿದ್ದ ಸಿದ್ದುವನ್ನು ಮೇಲಕ್ಕೆ ಸರಿಸಿಕೊಂಡು ಒಳಗೆ ನಡೆದಳು.

ಗಜೇಂದ್ರಗಡಕ್ಕೆ ಹುಲಿ, ಕರಡಿ, ಆನೆ ತಂದ ಕಂಪನಿ ಬಂದಿದೆ ಎಂದು ಕೇಳಿದಾಗಿನಿಂದ ಮಕ್ಕಳು ಗಂಟುಬಿದ್ದಿದ್ದವು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿಕೊಂಡು, ಬೆಳವಣಕಿಯಿಂದ ಮೋಟಾರು ಹತ್ತಿದ್ದಳು. ದಾರಿಯಲ್ಲಿ ನೀಲಾ ಅವಳ ಸೀರೆಯ ಮೇಲೆಯೇ ವಾಂತಿ ಮಾಡಿದ್ದಳು. ಊರು ಮುಟ್ಟುವ ಹೊತ್ತಿಗೇ ಶೇಖವ್ವನಿಗೆ ದಿನ ಮುಗಿದಷ್ಟು ದಣಿವು.

ಅಕ್ಕ ಚನ್ನವ್ವ, ಈಶಪ್ಪನ ಹೆಂಡತಿ, ಜ್ವರದಲ್ಲಿ ತೀರಿಕೊಂಡಾಗ ಸಿದ್ದು ಇನ್ನೂ ಎದೆಹಾಲಿನ ಕೂಸು. ಈಶಪ್ಪನ ಮುದಿತಾಯಿಗೆ ಕೈಲಾಗುತ್ತಿರಲಿಲ್ಲ. ಅಕ್ಕನ ಮಣ್ಣಿಗೆಂದು ತವರು ರೋಣದಿಂದ ಬಂದ ಶೇಖವ್ವ ಅಲ್ಲೇ ಉಳಿದಳು. ಕಳೆದ ದೀಪಾವಳಿಗೆ ಹಿರಿಯರು ಕೂಡಿ, ಈಶಪ್ಪನಿಗೆ ಇವಳನ್ನೇ ಕೊಡುವುದೆಂದು ಮಾತು ಮುಗಿಸಿದ್ದರು. ಆಮೇಲೆ ಅವನು ಆ ಸುದ್ದಿಯನ್ನೇ ಎತ್ತಲಿಲ್ಲ.

ಅವಳ ಮನಸ್ಸು ಮಾತ್ರ ಯಾವತ್ತೋ ಅವನ ಕಡೆ ವಾಲಿತ್ತು... ನೀಲಾಳ ಹೆರಳು ಹಾಕಲು ಹೋಗಿ ಕೂದಲನ್ನೆಲ್ಲ ಸಿಕ್ಕು ಮಾಡಿ, ಮಗಳಿಗೆ ನೋಯದಂತೆ ತಾನೇ ಕೂತು ಒಂದೊಂದೇ ಎಳೆ ಬಿಡಿಸುತ್ತಿದ್ದನಲ್ಲ, ಬಹುಶಃ ಆವತ್ತು.

ಬೋನಿನ ಮುಂದೆ ಮಂದಿ ಮುತ್ತಿದ್ದರು. ಹುಲಿ ಬೆನ್ನು ತಿರುಗಿಸಿ ಮಲಗಿತ್ತು. ಯಾರು ಕೂಗಿದರೂ ಏಳಲಿಲ್ಲ. ನೀಲಾ ಮುಖ ಸಣ್ಣದು ಮಾಡಿಕೊಂಡು, ಹುಲಿ ಯಾಕೆ ಏಳವಲ್ಲದು ಎಂದು ಕೇಳಿದಳು. ಅದಕ್ಕೂ ದಣಿವಾಗಿರಬೇಕು ಎಂದಳು ಶೇಖವ್ವ. ಕರಡಿ ಗುರ್ರೆಂದದ್ದೇ ತಡ, ಸಿದ್ದು ಹೆದರಿ ಅಪ್ಪನ ಹೆಗಲಿಗೆ ಹಾರಿ, ಅವನ ಹೊಸ ಅಂಗಿ ತೋಯಿಸಿಬಿಟ್ಟ. ನಗಬೇಕೆಂದರೂ ಅವಳಿಗೆ ನಗು ಬರಲಿಲ್ಲ.

ಆನೆ ಕಬ್ಬು ಮುರಿಯುವುದನ್ನು ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದಾಗ ಈಶಪ್ಪ ಮೆಲ್ಲಗೆ ಮಾತು ತೆಗೆದ. ನರಗುಂದದಲ್ಲಿ ಒಂದು ವರ ಇದೆ, ಕಾಳಿನ ವ್ಯಾಪಾರದ ಮನೆ, ಹುಡುಗನಿಗೆ ಮೊದಲ ಮದುವೆ, ಸೋಮವಾರ ನೋಡಲು ಬರುತ್ತಾರೆ ಎಂದ.

“ಯಾರನ್ನ ನೋಡಾಕ್ರಿ?”

“ನಿನ್ನ.”

ಆನೆಯೂ ಮಂದಿಯೂ ಅವಳ ಕಣ್ಣಲ್ಲಿ ಮಸುಕಾದವು. ‘ಮಕ್ಕಳು ಬೆಳದವು. ಇನ್ನ ನನ್ನ ಕೆಲಸ ಮುಗೀತು...’

“ಆತ್ರಿ,” ಎಂದಳು. ಬೇರೆ ಮಾತಿಗೆ ಮೈಯಲ್ಲಿ ಕಸುವಿರಲಿಲ್ಲ.

ಬಿಸಿಲು ಇಳಿಯುವಾಗ ನಾಲ್ವರೂ ಮೋಟಾರು ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂತಿದ್ದರು. ಸಿದ್ದು ಅವಳ ತೊಡೆಯ ಮೇಲೆ, ನೀಲಾ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದರು. ಸಿದ್ದುವಿನ ಮುಷ್ಟಿ ಅವಳ ಸೆರಗು ಹಿಡಿದೇ ಇತ್ತು. ಅದನ್ನು ಬಿಡಿಸಲು ಹೋದಳು. ಆಗಲಿಲ್ಲ. 

“ಮಾವಾರ, ನನ್ನ ಒಂದ್ ಮಾತು ಕೇಳಬೇಕಿತ್ತು ನೀವು.”

“ಏನಂತ?”

“ನರಗುಂದಕ್ಕ ಹೊಕ್ಕೀಯೇನು ಅಂತ.”

ಈಶಪ್ಪ ನೀಲಾಳ ಹಣೆಯ ಮೇಲಿನ ಕೂದಲು ಸರಿಸಿದ. “ದೀಪಾವಳಿ ದಿವ್ಸ ಹಿರ್ಯಾರು ಮಾತು ಮುಗಿಸಿದಾಗ ನೀ ಹಿತ್ತಲದಾಗ ನಿಂತು ಅತ್ತಿ. ನಾ ನೋಡೀನಿ. ಮಕ್ಕಳ ಸಲುವಾಗಿ ನಿನ್ನ ಹರೇದ ವಯಸ್ಸು ಮಣ್ಣ ಮಾಡಬಾರದು ಅಂತ...”

ಶೇಖವ್ವ ಅವನನ್ನೇ ನೋಡಿದಳು. ಇಷ್ಟು ದಿನ ಇವನು ಹೊತ್ತು ತಿರುಗಿದ್ದು ಇದನ್ನೇ?

“ಅವತ್ತ ಅಕ್ಕನ ಸೀರಿ ಉಡಿಸಿದ್ರು ನನಗ,” ಎಂದಳು. “ಮಡಿಕಿ ಬಿಚ್ಚಿದ್ರ ಅಕಿ ಮೈ ವಾಸನಿ ಬಂತು. ಅದಕ್ಕ ಅತ್ತೆ. ನೀವು ಬ್ಯಾಡ ಅಂತಲ್ಲ.”

ಅವನು ಅವಳ ಕಡೆ ತಿರುಗಿದ. 

“ನಿಮಗ ಮಕ್ಕಳ ಸಲುವಾಗಿ ಒಬ್ಬಾಕಿ ಬೇಕಾಗಿದ್ರ, ನಾ ನರಗುಂದಕ್ಕ ಹೊಕ್ಕೀನಿ. ನಿಮ್ಮ ಸಲುವಾಗಿ ಏನರ ಇದ್ರ ಈಗ ಹೇಳ್ರಿ.”

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

“ಶ್ರಾವಣದಾಗ ನೀ ಒಬ್ಬಾಕಿನ ತವರಿಗೆ ಹೋಗಿದ್ದಿ,” ಎಂದ ಈಶಪ್ಪ, ಒಂದೊಂದೇ ಮಾತು ಹುಡುಕುತ್ತ. “ಮನ್ಯಾಗ ಮಕ್ಕಳಿದ್ವು, ಅವ್ವ ಇದ್ಲು. ಆದ್ರೂ ಸಂಜಿ ಆದ್ರ ಹೊಲದಿಂದ ಮನಿ ಕಡೆ ಕಾಲು ಏಳಲಿಲ್ಲ. ಬದುವಿನ ಮ್ಯಾಲ ಸುಮ್ನ ಕುಂದರ್ತಿದ್ದೆ. ಯಾಕಂತ ಆಗ ತಿಳೀತು. ನಿನಗ ಹೇಳಾಕ ಧೈರ್ಯ ಸಾಲಲಿಲ್ಲ.”

ಶೇಖವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣೀರು ಮತ್ತೆ ಬಂತು. ಈ ಸಲ ಒರೆಸಿಕೊಳ್ಳಲಿಲ್ಲ.

ನಾಳೆಯೇ ನರಗುಂದಕ್ಕೆ ಹೋಗಿ, ಕೈಮುಗಿದು ಬೇಡವೆಂದು ಹೇಳಿ ಬರುತ್ತೇನೆ ಎಂದ ಅವನು. ಬೈದರೆ ಬೈಸಿಕೊಂಡು ಬರುತ್ತೇನೆ ಎಂದ.

ಮೋಟಾರು ಧೂಳೆಬ್ಬಿಸುತ್ತ ಬಂತು. ಇಬ್ಬರೂ ಒಂದೊಂದು ಮಗುವನ್ನು ಎತ್ತಿಕೊಂಡು ಹತ್ತಿ, ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಊರಿನ ಬೆಟ್ಟ ಹಿಂದೆ ಸರಿಯಿತು.

“ನಿದ್ದಿ ಬಂದೈತಿ ನಿನಗ,” ಎಂದ ಈಶಪ್ಪ.

“ಭಾಳ ಸಾಕಾಗೇತ್ರಿ.” ಆ ಮನೆಯಲ್ಲಿ ಅವಳು ಹಾಗೆಂದು ಒಮ್ಮೆಯೂ ಹೇಳಿರಲಿಲ್ಲ.

“ಮಕ್ಕೋ. ಸಿದ್ದೂನ್ನ ಇತ್ತ ಕೊಡು.”

“ಇಬ್ಬರನ್ನೂ ಹ್ಯಾಂಗ ಹಿಡೀತೀರಿ?”

“ಹಿಡೀತೀನಿ. ನೀ ಇತ್ತ ವಾಲು.”

ಶೇಖವ್ವ ಅವನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.