ದೂರ ಹೋಗದ ಸೈರನ್

ಡಂಡಿ ಎಂಬ ಊರಿನ ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಶಬ್ದಕೋಣೆಯ ಬಾಗಿಲು ತೆಗೆದ ಮೋರಾಗ್ ನಿಂತಲ್ಲೇ ಕಲ್ಲಾದಳು.

ಫಿನ್ಲೆ! ಒಂಬತ್ತು ವರ್ಷಗಳ ಮೇಲೆ!

"ಏನ್ ಮೇಡಂ, ಅರೆಸ್ಟ್ ಮಾಡೋಕ್ ಬಂದ್ರಾ?"

ಅದೇ ತುಂಟ ನಗು... ಗಡ್ಡದಲ್ಲಿ ಮಾತ್ರ ಒಂದಿಷ್ಟು ಬೆಳ್ಳಿ.

"ನೀನ್ಯಾಕೋ ಇಲ್ಲಿ?"

"ನಮ್ಮ ಹಳೇ ಕಳ್ಳ-ಪೊಲೀಸ್ ಗೇಮ್‌ನ ಹೊಸದಾಗಿ ಮಾಡ್ತಿದ್ದಾರಲ್ಲ, ಮೂಲ ಸೈರನ್ ಟೇಪ್ ಕೊಡೋಕ್ ಬಂದೆ. ನಾಲ್ಕು ಗಂಟೆ ರೈಲಿಗೆ ವಾಪಸ್ ಹೊರಡ್ತೀನಿ. ಖುಷಿನಾ?"

ಖುಷಿಯಂತೆ!

ಆಗೆಲ್ಲ ಬೇಕರಿಯಿಂದ ತಂದ, ಖೀಮಾ ತುಂಬಿದ ಒಂದೇ ಮಟನ್ ಪೈ ಇಬ್ಬರಿಗೆ. ಗೇಮಿನಲ್ಲಿ ಅವನು ಸೈರನ್ ಕೂಗಿಸುವುದು, ಇವಳು ಆಡಿ ತಪ್ಪು ಹುಡುಕುವುದು. ಹತ್ತಿರ ಬರುವ ಸೈರನ್ನಿನ ಸ್ವರ ಏರಿರಬೇಕು, ದಾಟಿ ಹೋದ ಮೇಲೆ ಇಳಿಯಬೇಕು. ಅವನದು ಒಮ್ಮೊಮ್ಮೆ ಇಳಿಯುತ್ತಲೇ ಇರಲಿಲ್ಲ! "ಸರಿಮಾಡು" ಎಂದರೆ "ಮಾಡಲ್ಲ ಹೋಗೇ" ಎಂದು ನಕ್ಕಿದ್ದ. ತನ್ನನ್ನು ಗೇಲಿ ಮಾಡುತ್ತಿದ್ದಾನೆಂದು ಅವಳು ಬಾಸ್‌ಗೆ ದೂರು ಕೊಟ್ಟಳು. ಮರುವಾರವೇ ಅವನು ಊರು ಬಿಟ್ಟ.

ಇವತ್ತು ಹೊಸ ಗೇಮಿಗಾಗಿ ಸೈರನ್ನಿನ ಆ ತಪ್ಪನ್ನು ಅಳಿಸುವ ಕೆಲಸ ಅವಳದೇ.

ಅವನ ಮುಖ ನೋಡಲಾಗದೆ ಅವಳು ಹಳೇ ಗೇಮ್ ತೆರೆದಳು. ಬೀದಿ ಬೀದಿ ಸುತ್ತಿದಳು. ಎಲ್ಲ ಕಡೆಯೂ ಸೈರನ್ ಸರಿಯಾಗಿತ್ತು. ತಪ್ಪಿದ್ದುದು ಒಂದೇ ಬೀದಿಯಲ್ಲಿ... ಆಗ ಆಟದ ಭರದಲ್ಲಿ ಅವಳು ಆ ಬೀದಿಯನ್ನು ಗಮನಿಸಿರಲೇ ಇಲ್ಲ.

ಇಳಿಜಾರು. ಮೂಲೆಯಲ್ಲಿ ಆ ಪೈ ಬೇಕರಿ. ಮುರಿದ ಮೆಟ್ಟಿಲಿನ ಮೇಲೆ ಕೆಂಪು ಬಾಗಿಲು.

'ಇದು... ನನ್ನ ಮನೆ!'

ಅಪ್ಪ ಪೊಲೀಸ್ ಕಾರು ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಆ ಸೈರನ್ ದೂರ ದೂರ ಹೋಗಿ, ಮತ್ತೆ ಬರಲೇ ಇಲ್ಲ. ಪೈ ತಿನ್ನುತ್ತಾ ಒಮ್ಮೆ ಅವನಿಗೆ ಹೇಳಿದ್ದಳು, "ದೂರ ಹೋಗೋ ಸೈರನ್ ಕೇಳಿದ್ರೆ ಈಗ್ಲೂ ಅಳು ಬರುತ್ತೆ ಕಣೋ."

ಈ ಬೀದಿಯಲ್ಲಿ ಸೈರನ್ ಬರುತ್ತಿತ್ತು... ಬರುತ್ತಲೇ ಇತ್ತು.

"ಯಾಕೋ ಹೇಳ್ಲಿಲ್ಲ, ಕತ್ತೆ?"

"ನಿನ್ನ ಹುಟ್ಟುಹಬ್ಬಕ್ಕೆ ಹೇಳೋಣ ಅಂತಿದ್ದೆ. ನೀನು ಎರಡು ದಿನ ಮೊದಲೇ ಕೇಸ್ ಹಾಕ್ಬಿಟ್ಟೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ!"

"ಕೊಬ್ಬು ಕಣೇ... ನೀನೇ ಕಂಡುಹಿಡೀಲಿ ಅಂತ. ಒಂಬತ್ತು ವರ್ಷ ತಗೋತೀಯ ಅಂತ ಗೊತ್ತಿರ್ಲಿಲ್ಲ."

ಗಂಟೆ ಮೂರೂವರೆ. ಅವನು ಚೀಲ ಹೆಗಲಿಗೇರಿಸಿದ.

ಅವಳು ಕಣ್ಣೊರೆಸಿಕೊಂಡು ಗೇಮಿನ ತಪ್ಪುಗಳ ಪಟ್ಟಿ ತೆರೆದು, ಆ ಸೈರನ್ನಿನ ಎದುರು ಟೈಪಿಸಿದಳು: 'ಇದು ತಪ್ಪಲ್ಲ. ಯಾರೂ ಮುಟ್ಟಬೇಡಿ.' ಆಮೇಲೆ ಎದ್ದು ಅವನ ಚೀಲದ ಪಟ್ಟಿ ಹಿಡಿದಳು.

"ತಪ್ಪು ನಂದು ಫಿನ್ಲೆ. ಇರು... ನೀನಂದ್ರೆ ನಂಗಿಷ್ಟ. ಆಗ್ಲೂ, ಈಗ್ಲೂ."

ಚೀಲ ನೆಲಕ್ಕೆ ಬಿತ್ತು.

"ರೈಲು?" ಎಂದಳು ಮೆಲ್ಲಗೆ.

"ಹೋಗ್ಲಿ ಬಿಡು. ಮೂಲೆ ಬೇಕರೀಲಿ ಪೈ ಸಿಗುತ್ತಾ ಇನ್ನೂ?"

"ಸಿಗುತ್ತೆ. ಆದ್ರೆ ಒಂದೇ ತಗೊಳ್ಳೋದು!"