ಒಂಬತ್ತು ಇಂಚು

'ನಾಳೆ ಕೊಡ್ತೀನಿ' ಅನ್ನುವುದನ್ನು ಬಿಟ್ಟರೆ, ಕಾರಿನ ಸೀಟು ಹೊಲಿಯುವ ನಾನು ಸುಳ್ಳು ಹೇಳಿದ್ದು ಒಂದೇ ಸಲ. ಅದೂ ಅತ್ತಿಗೆಯ ಹತ್ತಿರ.

ಅಣ್ಣ ತೀರಿಕೊಂಡ ಮೇಲೆ ಅವನ ಕಾರನ್ನು ಗುಜರಿಗೆ ಹಾಕಿದೆವು. "ಮುಂದಿನ ಉದ್ದ ಸೀಟೊಂದನ್ನ ಬಿಚ್ಚಿಕೊಡಪ್ಪ, ಮನೇಲಿ ಇಟ್ಕೋತೀನಿ" ಅಂದಿದ್ದರು ಅತ್ತಿಗೆ. ಇಪ್ಪತ್ತು ವರ್ಷ ಅದರಲ್ಲೇ ಅಣ್ಣನ ಪಕ್ಕ ಕೂತವರು. "ಅದೂ ಕಾರಿನ ಜೊತೆ ಹೋಯ್ತು ಅತ್ತಿಗೆ" ಅಂದೆ. ಸೀಟು ನನ್ನ ಅಂಗಡಿಯಲ್ಲೇ ಇತ್ತು. ಹಳೇ ಕಾಲದ ಕಾರೊಂದನ್ನು ರಿಪೇರಿ ಮಾಡಿಸುತ್ತಿದ್ದ ಗಿರಾಕಿಗೆ ಆಗಲೇ ಮಾತು ಕೊಟ್ಟುಬಿಟ್ಟಿದ್ದೆ.

ಗಿರಾಕಿಯ ಕಾರಿನ ಅಗಲ ಕಡಿಮೆ. ಅತ್ತಿಗೆ ಕೂರುತ್ತಿದ್ದ ಕಡೆಯಿಂದ ಒಂಬತ್ತು ಇಂಚು ಕತ್ತರಿಸಿ, ಫ್ರೇಮಿನ ತುದಿಗೆ ವೆಲ್ಡಿಂಗ್ ಮಾಡಿಸಿ, ಹೊಸ ರೆಕ್ಸಿನ್ ಹೊಲಿದೆ. ಕತ್ತರಿಸಿದ ತುಂಡನ್ನು ಅಂಗಡಿಯ ಮೂಲೆಗೆಸೆದೆ. ಮರುದಿನ ಅದರ ಮೇಲೆ ಕೈಯಿಟ್ಟರೆ, ಯಾರೋ ಆಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು. ಆ ಮೂಲೆಗೆ ಬಿಸಿಲೇ ಬೀಳುವುದಿಲ್ಲ.

ತಿಂಗಳಾದ ಮೇಲೆ ಗಿರಾಕಿ ಕಾರು ತಂದು ನಿಲ್ಲಿಸಿದ. "ಎಡಗಡೆ ಬಾಗಿಲು ಹಾಕೋಕೇ ಆಗ್ತಿಲ್ಲ ಮೇಸ್ತ್ರಿ. ಸೀಟು ಹೊರಗೆ ಬರ್ತಿದೆ."

ಟೇಪು ಹಿಡಿದೆ. ಮೂರು ಇಂಚು ಜಾಸ್ತಿ ಇತ್ತು. ನಾನು ಹಾಕಿದ ಹೊಲಿಗೆ ಒಂದೂ ಬಿಚ್ಚಿರಲಿಲ್ಲ.

"ಅವತ್ತು ಸರಿಯಾಗಿ ಅಳೆದಿದ್ರಾ?"

"ತಪ್ಪು ನನ್ನದೇ" ಅಂದೆ. ಅವನ ಮುಖ ನೋಡಲಾಗಲಿಲ್ಲ.

ಅವನು ಹೋದ ಮೇಲೆ ಮೂಲೆಯಲ್ಲಿದ್ದ ತುಂಡನ್ನು ಅಳೆದೆ. ಆರು ಇಂಚಿತ್ತು.

ಅತ್ತಿಗೆಗೆ ಹೇಳಿಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ. ಇವತ್ತು ಬೆಳಗ್ಗೆ ತುಂಡು ಐದೇ ಇಂಚಿತ್ತು.