ಅಕ್ಕನಿಗೆ ಹೇಳಿದ ಮಾತು

"ಕಣ್ಣು ಬೇಕಾ ಬೇಡ್ವಾ ನಿಂಗೆ?"

ಅವಳು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಅವನು ಕೆಸರಿನಲ್ಲಿ ಕುಕ್ಕರಿಸಿದ. ಅವನ ಮುಖವಿದ್ದ ಜಾಗದಲ್ಲಿ, ತೊಟ್ಟಿಯೊಳಗೆ, ನೀರು ಬಿದ್ದ ಸುಣ್ಣ ಕೊತಕೊತ ಕುದಿದು ಸಿಡಿಯಿತು.

"ಶಾಟ್ ಚೆನ್ನಾಗಿ ಬರ್ತಿತ್ತು..." ಎಂದ, ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು.

"ಕಣ್ಣು ಹೋದ್ಮೇಲೆ ಆ ಶಾಟ್ ಯಾರು ನೋಡೋದು? ನಿಮ್ಮಜ್ಜಿನಾ?"

ಸುತ್ತಲಿದ್ದವರ ಕೈ ನಿಂತಿತು. ಗುಮ್ಮಿ ಮಾತಾಡಿದ್ದಳು, ಅದೂ ಹೊಸಬನ ಹತ್ತಿರ!

ಗುಮ್ಮನಗುಸುಕಿ ಎಂದು ಅಕ್ಕ ಚಿಕ್ಕಂದಿನಲ್ಲಿ ಇಟ್ಟ ಹೆಸರು ಸವೆದು ಸವೆದು ಗುಮ್ಮಿ ಆಗಿತ್ತು. ಕರೆದರೆ ತಲೆಯಾಡಿಸುವವಳು, ಬೈದರೆ ನೆಲ ನೋಡುವವಳು. ಅವಳ ಸಿಟ್ಟೆಲ್ಲ ಒಳಗೇ ಕುದಿದು ಒಳಗೇ ಆರುತ್ತಿತ್ತು.

ಚಂಡಮಾರುತ ಆ ಕೇರಿಯ ತಗಡಿನ ಚಾವಣಿಗಳನ್ನೆಲ್ಲ ಕಿತ್ತು ಕಡಲಿಗೆ ಎಸೆದಿತ್ತು. ಈಗ ಕೇರಿಯವರೇ ಸೇರಿ ಹೊಸ ಬಗೆಯ ಮನೆಗಳನ್ನು ಕಟ್ಟುತ್ತಿದ್ದರು. ಬಿದಿರಿನ ಚೌಕಟ್ಟು, ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಗಾಳಿಗೆ ಹಾರದಂತೆ ಚಾವಣಿಯನ್ನು ಹಗ್ಗದಿಂದ ನೆಲಕ್ಕೆ ಬಿಗಿಯುವುದು. ಸುಣ್ಣ ಅರಳಿಸಿ ಗಾರೆ ಕಲಸುವುದು ಗುಮ್ಮಿಯ ಕೆಲಸ. ಅದನ್ನೆಲ್ಲ ಚಿತ್ರ ತೆಗೆಯಲು ಅವನೂ ಅವನ ಇಬ್ಬರು ಗೆಳೆಯರೂ ಬಂದಿದ್ದರು. ಕೇರಿಯವರ ಬಾಯಲ್ಲಿ ಅವನು ಕ್ಯಾಮೆರಾದವನು.

ಆ ದಿನದಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಇನ್ನೊಂದ್ಸಲ ಹಾಗೇ ಬಳಿತೀರಾ? ಬೆಳಕು ಸರಿಯಿರಲಿಲ್ಲ."

"ಗೋಡೆ ನಿನ್ನ ಬೆಳಕಿಗೆ ಕಾಯ್ತಾ ಕೂರಲ್ಲ. ಒಣಗುತ್ತೆ."

"ಸ್ವಲ್ಪ ಈ ಕಡೆ ತಿರುಗಿ..."

"ನೀನೇ ತಿರುಗಿ ಹೋಗು."

"ಜಗಳಕ್ಕಾದ್ರೂ ಬಾಯಿ ಬಿಡ್ತಾಳಲ್ಲ, ಬಿಡಪ್ಪ," ಎಂದು ಮೇಸ್ತ್ರಿ ನಗುತ್ತಿದ್ದರು.

ಅವನು ಸಂಜೆ ಕ್ಯಾಮೆರಾ ಮುಚ್ಚಿಟ್ಟು ಮಣ್ಣು ಹೊರಲು ಬರುತ್ತಿದ್ದ. ಬರಬೇಡ ಎಂದರೂ ಬರುತ್ತಿದ್ದ. ಅಂಗೈ ಬೊಬ್ಬೆ ಎದ್ದಾಗ ಅವಳು ಮಾತಿಲ್ಲದೆ ನೀರು ಹುಯ್ದಳು. ಹುಯ್ಯುವಾಗ ಮುಖ ಸಿಂಡರಿಸಿಕೊಂಡೇ ಇದ್ದಳು. ಎದೆ ಮಾತ್ರ...

ಛೆ! ಇದೇನಾಯ್ತು ನಂಗೆ?

ಅವಳ ನಿಜವಾದ ಚಿಂತೆ ಬೇರೆ. ಅಮ್ಮ. ಹೊಸ ಮನೆ ಮುಗಿಯುತ್ತ ಬಂದಿದ್ದರೂ ಅಮ್ಮ ಅದರ ಹೊಸ್ತಿಲು ತುಳಿದಿರಲಿಲ್ಲ. ನಿರಾಶ್ರಿತರನ್ನು ಇಟ್ಟಿದ್ದ ಗೋದಾಮಿನ ಮೂಲೆಯಲ್ಲಿ, ಸೀರೆ ಕಟ್ಟಿ ಮರೆ ಮಾಡಿಕೊಂಡು ಕೂತಿದ್ದಳು.

"ತಗಡೇ ನಿಲ್ಲಲಿಲ್ಲ, ಮಣ್ಣು ನಿಲ್ಲುತ್ತಾ? ನೀವು ಹೋಗಿ. ನಾನು ಇಲ್ಲೇ ಇರ್ತೀನಿ."

ಗುಮ್ಮಿ ದಿನವೂ ಹೇಳುತ್ತಿದ್ದಳು, ಏನೂ ಆಗಲ್ಲಮ್ಮ, ನಾನೇ ಕಟ್ಟಿದ್ದು, ನಂಗೆ ಸ್ವಲ್ಪಾನೂ ಭಯ ಇಲ್ಲ. ಅಮ್ಮ ಕೇಳಿಸಿಕೊಂಡು ಗೋಡೆಯ ಕಡೆಗೆ ಹೊರಳುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅವಳ ಕೈಗೆ ಪುಟ್ಟ ಮೈಕು ಕೊಟ್ಟ. "ಕುತ್ತಿಗೆ ಹತ್ರ ಸಿಗಿಸ್ಕೊಳಿ. ಮನೆ ಬಗ್ಗೆ ಎರಡು ಮಾತು."

ಅವಳು ಕ್ಯಾಮೆರಾ ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು. "ಎಂಥ ಗಾಳಿ ಬಂದ್ರೂ ಈ ಮನೆ ನಿಲ್ಲುತ್ತೆ." ಅಷ್ಟೇ. ಹೇಳಿ, ಕೈ ತೊಳೆಯಲು ಹಿತ್ತಲಿಗೆ ಓಡಿದಳು. ಅಕ್ಕ ಹಿಂದೆಯೇ ಬಂದಳು. ಕುತ್ತಿಗೆಯ ಮೈಕು ತೆಗೆಯುವುದು ಅವಳಿಗೂ ನೆನಪಾಗಲಿಲ್ಲ, ಕ್ಯಾಮೆರಾದವನಿಗೂ ನೆನಪಾಗಲಿಲ್ಲ.

ಕೆಲವು ದಿನ ಕಳೆದು, ಇಳಿಸಂಜೆ, ಕಟ್ಟಿ ಮುಗಿದ ಮೊದಲ ಮನೆಯ ಮುಂದೆ ಬಿಳಿ ಬಟ್ಟೆ ಕಟ್ಟಿ ಚಿತ್ರದ ಒಂದು ತುಣುಕನ್ನು ಕೇರಿಗೆಲ್ಲ ತೋರಿಸಿದರು. ಅಕ್ಕ ಹೇಗೋ ಅಮ್ಮನನ್ನೂ ಎಳೆತಂದಿದ್ದಳು.

ಪರದೆಯ ತುಂಬ ಗುಮ್ಮಿಯ ಕೈಗಳು, ಗಾರೆ ಬಳಿಯುತ್ತಿದ್ದವು. ಜನ ಸಿಳ್ಳೆ ಹಾಕಿದರು. ಅವಳು ನಾಚಿ ಅಕ್ಕನ ಹಿಂದೆ ಸರಿದಳು.

ಆಮೇಲೆ ಅವಳ ದನಿ ಬಂತು.

"ರಾತ್ರಿ ಗಾಳಿ ಬೀಸಿದ್ರೆ ಕಣ್ಣು ಮುಚ್ಚೋಕಾಗಲ್ಲ ಅಕ್ಕ. ಎಲ್ಲರಿಗೂ ನಿಲ್ಲುತ್ತೆ ನಿಲ್ಲುತ್ತೆ ಅಂತೀನಿ. ಅಮ್ಮನಿಗೆ ಸುಳ್ಳು ಹೇಳ್ತಿದೀನಿ. ಭಯ ಆಗುತ್ತೆ ನಂಗೆ..."

ಸಿಳ್ಳೆ ನಿಂತಿತು. ಒಂದೊಂದೇ ತಲೆ ಅವಳ ಕಡೆ ತಿರುಗಿತು.

ಅಮ್ಮ ಎದ್ದಳು. ಯಾರನ್ನೂ ನೋಡದೆ, ಸೆರಗು ಸರಿಪಡಿಸಿಕೊಂಡು ಗೋದಾಮಿನ ಕಡೆಗೆ ನಡೆದುಬಿಟ್ಟಳು.

ಮುಗೀತು. ಇನ್ನು ಅವಳು ಬರಲ್ಲ!

ಗುಮ್ಮಿ ಹೋಗಿ ಬಟ್ಟೆಯನ್ನು ಕಿತ್ತೆಳೆದಳು. ಚಿತ್ರ ಗೋಡೆಯ ಮೇಲೆ, ಮೇಸ್ತ್ರಿಯ ಮುಖದ ಮೇಲೆ ಹರಡಿಕೊಂಡಿತು. ಕ್ಯಾಮೆರಾದವನು ಓಡಿಬಂದ.

"ನಾನು ಹೇಳೋದು ಸ್ವಲ್ಪ..."

"ಅದು ಅಕ್ಕನಿಗೆ ಹೇಳಿದ್ದು."

"ಆ ಮಾತು ಎಷ್ಟು ನಿಜ ಇತ್ತು ಅಂದ್ರೆ..."

"ನಿಜ ಆದ್ರೆ? ನನ್ನ ಹೊಟ್ಟೆ ಒಳಗಿರೋದೆಲ್ಲ ನಿಜಾನೇ. ಎಲ್ಲಾ ತೆಗೆದು ಬಟ್ಟೆ ಮೇಲೆ ಹರಡ್ತೀಯಾ? ಹಿತ್ತಲಲ್ಲಿ ಕದ್ದು ಕೇಳಿದೋರಿಗೂ ನಿಂಗೂ ಏನು ವ್ಯತ್ಯಾಸ?"

ಅವನ ಮುಖ ಸುಣ್ಣದಂತಾಯಿತು. "ಮೈಕು ಆಫ್ ಮಾಡೋಕೆ ಮರೆತೆ. ಅದು ತಪ್ಪಲ್ಲ ಅಂತ ಅಲ್ಲ... ಆದ್ರೆ ಕೇಳಿದ್ಮೇಲೆ ಬಿಡೋಕಾಗಲಿಲ್ಲ."

"ಬಿಡಬೇಕಿತ್ತು."

ಅವಳಿಗೆ ಆಗ ಇನ್ನೊಂದು ನೆನಪಾಯಿತು. ಆ ಮಧ್ಯಾಹ್ನ ಅಕ್ಕ ಕಿಚಾಯಿಸಿದ್ದಳು. ಕ್ಯಾಮೆರಾದವನು ಬಂದ್ರೆ ಯಾಕೆ ಸೆಟೆದು ನಿಲ್ತೀಯೇ ಎಂದು. ಅದಕ್ಕೆ ತಾನು ಹೇಳಿದ್ದು... ಅವನು ನೋಡಿದ್ರೆ ಕೈ ಎಲ್ಲಿಟ್ಕೋಬೇಕು ಗೊತ್ತಾಗಲ್ಲ ಅಕ್ಕ ಎಂದು.

ಅಯ್ಯೋ. ಅದನ್ನೂ ಕೇಳಿದ್ದಾನೆ!

ಕಿವಿಯವರೆಗೆ ಬಿಸಿ ಏರಿತು. ಅವಳು ತಿರುಗಿ ನೋಡದೆ ನಡೆದಳು.

ಮರುದಿನ ಬೆಳಿಗ್ಗೆ ಅವಳು ತೊಟ್ಟಿಯ ಹತ್ತಿರ ಗುದ್ದಲಿಯನ್ನು ಎತ್ತಿ ಎತ್ತಿ ಹಾಕುತ್ತಿದ್ದಳು, ಗಾರೆಗೆ ಪ್ರಾಣವಿದ್ದರೆ ಹೋಗಿಬಿಡುವಂತೆ. ಹೊಸ ಮನೆಯೊಳಗೆ ಏನೋ ಸದ್ದಾಯಿತು. ಹೋಗಿ ನೋಡಿದರೆ ಅಮ್ಮ. ಗಂಟುಮೂಟೆ ನಡುಮನೆಯಲ್ಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲ ಗುಡಿಸುತ್ತಿದ್ದಾಳೆ.

"ಅಮ್ಮ...?"

"ಇಷ್ಟು ದಿನ ಭಯ ಇಲ್ಲ ಭಯ ಇಲ್ಲ ಅಂತಿದ್ದೆ. ಇವಳಿಗೆ ನನ್ನ ಸಂಕಟ ಎಲ್ಲಿ ತಿಳಿಯುತ್ತೆ ಅಂದ್ಕೊಂಡಿದ್ದೆ ಕಣೇ." ಅಮ್ಮ ಪೊರಕೆ ನಿಲ್ಲಿಸಲಿಲ್ಲ. "ಇಬ್ಬರೂ ಹೆದರೋರೇ ಆದ್ರೆ, ಬೇರೆ ಬೇರೆ ಕಡೆ ಯಾಕೆ ಹೆದರಬೇಕು? ಒಂದೇ ಮನೇಲಿ ಹೆದರೋಣ. ಆ ಮೂಲೆಗೆ ಇನ್ನೊಂದು ಹಗ್ಗ ಕಟ್ಟಿಸು."

ಗುಮ್ಮಿ ಬಗ್ಗಿ ಗಂಟುಮೂಟೆಯನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟಳು.

ಅಕ್ಕ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. "ನೋಡು, ಪಾಪ, ಅವನು ಮಾಡಿದ್ದು ಒಳ್ಳೇದೇ ಆಯ್ತು."

"ಒಳ್ಳೇದಾಯ್ತು ಅಂದ್ರೆ ಅವನು ಮಾಡಿದ್ದು ಸರಿ ಆಗಿಬಿಡುತ್ತಾ?" ಗುಮ್ಮಿ ಸಿಡಿದಳು. "ಬಂದೋಳು ಅಮ್ಮ. ಹೆದರಿದೋಳು ನಾನು. ಇದರಲ್ಲಿ ಅವನದೇನಿದೆ?"

ಅವನು ಅಂಗಳದಲ್ಲೇ ನಿಂತಿದ್ದ. ಬೆನ್ನ ಮೇಲೆ ಚೀಲ. ಗೆಳೆಯರು ಗಾಡಿಗೆ ಸಾಮಾನು ತುಂಬುತ್ತಿದ್ದರು. ಅಕ್ಕ ಇಬ್ಬರನ್ನೂ ನೋಡಿ, ಒಳಗೆ ಹೋಗಿ ಅಮ್ಮನ ಕೈಯಿಂದ ಪೊರಕೆ ಕಿತ್ತುಕೊಂಡಳು.

"ಅಳಿಸಿಬಿಟ್ಟೆ," ಎಂದ ಅವನು. "ನಿಮ್ಮ ದನಿ ಪೂರ್ತಿ. ಎಲ್ಲೂ ಒಂದು ಪ್ರತಿ ಇಲ್ಲ. ಅಷ್ಟು ಹೇಳಿ ಹೋಗೋಣ ಅಂತ ಬಂದೆ."

"ಯಾರನ್ನ ಕೇಳಿ ಅಳಿಸಿದೆ?"

ಅವನು ಕಕ್ಕಾಬಿಕ್ಕಿಯಾದ. "ನೀವೇ ನಿನ್ನೆ..."

"ಹಾಕೋವಾಗ್ಲೂ ಕೇಳಲಿಲ್ಲ, ತೆಗೆಯೋವಾಗ್ಲೂ ಕೇಳಲಿಲ್ಲ. ನನ್ನ ಮಾತಿಗೆ ಯಜಮಾನ ನೀನೇ ಏನು?" ಅವಳು ಹೊಸ್ತಿಲು ದಾಟಿ ಅವನೆದುರಿಗೆ ಬಂದಳು. "ನನ್ನ ಮಾತು ಕೇಳಿ ನಮ್ಮಮ್ಮ ಮನೆಗೆ ಬಂದಳು. ಅದು ಇರಬೇಕಾ ಬೇಡ್ವಾ ಅಂತ ನಾನು ಹೇಳಬೇಕು. ನೀನಲ್ಲ."

ಅವನು ಬೆನ್ನಿನ ಚೀಲ ಇಳಿಸಿದ.

"ತಪ್ಪಾಯ್ತು. ಎರಡೂ ಸಲ." ಆಮೇಲೆ ಕೇಳಿದ, "ಮತ್ತೆ ಹೇಳ್ತೀರಾ, ನಿಮಗೆ ಇಷ್ಟ ಇದ್ರೆ? ಬೇಡ ಅಂದ್ರೆ ಬೇಡ."

"ಹೇಳ್ತೀನಿ. ಎದುರಿಗೆ ನಿಂತು, ಕ್ಯಾಮೆರಾ ನೋಡ್ಕೊಂಡು. ಭಯ ಇದೆ, ಆದ್ರೂ ಇಲ್ಲೇ ಇರ್ತೀವಿ ಅಂತ. ಅಮ್ಮ ಪಕ್ಕದಲ್ಲಿ ಕೂತಿರಬೇಕು."

ಅವನು ತಲೆಯಾಡಿಸಿದ. ಹೋಗಲಿಲ್ಲ.

"ಇನ್ನೊಂದು ಇತ್ತು, ಅವತ್ತು ಮೈಕಲ್ಲಿ..." ಅವನ ದನಿ ಇಳಿಯಿತು. "ಅದನ್ನ ಯಾರಿಗೂ ಕೇಳಿಸಲಿಲ್ಲ. ಅದೊಂದು ನನಗೆ ಅಂದ್ಕೊಂಡೆ."

"ಅದೂ ನಿಂಗಲ್ಲ." ಅವಳು ಈಗ ಅವನ ಕಣ್ಣನ್ನೇ ನೋಡಿದಳು. ಕೈ ಎಲ್ಲಿಡಬೇಕೆಂದು ನಿಜಕ್ಕೂ ತಿಳಿಯಲಿಲ್ಲ. "ಅದು ಅಕ್ಕನಿಗೆ."

"ಹಾಗಾದ್ರೆ ನಂಗೇನು ಹೇಳ್ತೀಯಾ?"

ಗಾಡಿಯಿಂದ ಗೆಳೆಯರು ಕೂಗಿದರು. ಅವನು ತಿರುಗಲಿಲ್ಲ.

"ಹೋಗಬೇಡ," ಎಂದಳು ಗುಮ್ಮಿ.

"ಕೋಪ...?"

"ಹಾಗೇ ಇದೆ. ಬೇಗ ಹೋಗಲ್ಲ ಅದು."

"ಇರ್ಲಿ ಬಿಡು," ಎಂದ ಅವನು ಮೆಲ್ಲಗೆ. "ನಾನೂ ಬೇಗ ಹೋಗಲ್ಲ."